ಹುಲ್ಲುಗಾಡಿಯ ಸದ್ದು

ಸದ್ದು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಎಲ್ಲರೂ ಇಂಜಿನ್ನಿನ ಕಡೆ ಬೆರಳು ತೋರಿಸುತ್ತಿದ್ದರು. ಯಾರಿಂದ ಬಂತು ಎಂದು ಕೇಳಿದರೆ ಗಿರಿಜಾಂಬಾಳ ಕಡೆ. ಕೇಳಬೇಕೆಂದೂ ಇರಲಿಲ್ಲ, ಕೇಳದೆಯೇ ಹೇಳುವವರಿದ್ದರು. ಬೆಳಗಿನ ಕಡುಬು ತಿಂದು ಕೈತೊಳೆದು, ಜೀಪ್ ಶೆಡ್ಡಿನ ಬಾಗಿಲು ನೂಕಿ, ಟಾರ್ಪಾಲು ಎಳೆದು ಹಾಕಿ ಆ ಗಾಡಿಯ ಮುಂದೆ ನಿಂತಾಗ ಅವಳಿಗೆ ಆದದ್ದು ಭಯವಲ್ಲ, ಸಿಟ್ಟು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಟ್ರ್ಯಾಕ್ಟರಿನ ಮರಿಯಂಥ ಕೆಂಪು ಗಾಡಿ: ಮೇಲೆ ಒಬ್ಬರು ಕೂರುವ ಸೀಟು, ಮುಂದೆ ಸ್ಟೀರಿಂಗು, ಹೊಟ್ಟೆಯ ಕೆಳಗೆ ಬ್ಲೇಡುಗಳನ್ನು ಮುಚ್ಚಿಟ್ಟುಕೊಂಡ ಅಗಲವಾದ ತಗಡಿನ ತಟ್ಟೆ. ಬಂಗಲೆಯ ಮುಂದಿನ ಹುಲ್ಲು ಕತ್ತರಿಸುವುದು ಬಿಟ್ಟರೆ ಬೇರೆ ಕೆಲಸಕ್ಕೆ ಬಾರದ ಗಾಡಿ. ಬಾಳೂರಿನ ಕಡೆ ಕಂಪನಿಯವರ ಎಸ್ಟೇಟೊಂದು ಕೈಬದಲಾದಾಗ ಅವಳ ಗಂಡ ವಿಶ್ವನಾಥ್ ಅದನ್ನು ಲಾರಿಯಲ್ಲಿ ಹೇರಿಸಿ ತಂದಿದ್ದರು. ಲೈನ್ ಮನೆಗಳ ಕೂಲಿಯವರೆಲ್ಲ ಬಂದು ಸುತ್ತ ನಿಂತು ನೋಡಿ, ಹುಲ್ಲುಗಾಡಿ ಎಂದು ಹೆಸರಿಟ್ಟು ಹೋಗಿದ್ದರು.

ಮಧ್ಯಾಹ್ನದ ಊಟದೊಳಗೆ ಭಾವ ಬರುತ್ತಾರೆ. ಜಯದೇವಪ್ಪ, ವಿಶ್ವನಾಥರ ಅಣ್ಣ. ಆಲ್ದೂರಿನ ಹತ್ತಿರದ ತಮ್ಮ ತೋಟದಲ್ಲಿ ಕೂತೇ ಈ ತೋಟವನ್ನೂ ನೋಡಿಕೊಳ್ಳುತ್ತೇನೆಂದು ತಮ್ಮ ಸತ್ತ ವಾರವೇ ಸಾರಿದವರು. ಬರುವಾಗ ಕೊಟ್ಟಿಗೆಹಾರದ ಶೇಷಪ್ಪಗೌಡರನ್ನು ಕರೆತರುತ್ತಾರೆ. ಶೇಷಪ್ಪ ತಮ್ಮ ತೋಟದ ಮನೆಯನ್ನು ಹೋಂಸ್ಟೇ ಮಾಡಿದ್ದಾರೆ, ಬೆಂಗಳೂರಿನಿಂದ ಬರುವವರಿಗೆ ಕಾಲಾಡಿಸಲು ಹುಲ್ಲು ಬೇಕು, ಹುಲ್ಲಿಗೆ ಗಾಡಿ ಬೇಕು. ದೀಪಾವಳಿಗೆ ಬಂದಾಗಲೇ ಭಾವ ಇದನ್ನು ತೀರ್ಮಾನಿಸಿಬಿಟ್ಟಿದ್ದರು. "ವಿಶ್ವನ ವರ್ಷದ ಕಾರ್ಯದೊಳಗೆ ಇದನ್ನ ಸಾಗಿಸುವ ಗಿರಿಜಾ. ಕೆಟ್ಟ ಮೆಷಿನ್ ಇಟ್ಕೊಂಡು ಎಂತ ಮಾಡ್ತಿ? ಗಂಡ ಹೋದ ಮೇಲೆ ಹೆಂಗಸು ಇದರ ಮೇಲೆ ಕೂತು ತಿರುಗೋದು ಚಂದವೂ ಅಲ್ಲ. ನಾನು ಹೇಳ್ತಿಲ್ಲ, ಜನ ಹೇಳ್ತಾರೆ." ಜನ ಎಂದರೆ ಆಲ್ದೂರಿನ ಅವರ ಮನೆಯ ಊಟದ ಮೇಜು ಎಂದು ಅವಳಿಗೆ ಗೊತ್ತಿತ್ತು. ಅವಳು ಕೇಳಿದ್ದು ಒಂದೇ ಮಾತು: ಸರಿಮಾಡಿದರೆ ಇಲ್ಲೇ ಇರುತ್ತದಾ? ಭಾವ ನಕ್ಕು, ಹೊಸ ಪಂಚೆಯ ಅಂಚು ಸರಿಮಾಡಿಕೊಂಡು, "ಮಾಡು ನೋಡುವ" ಎಂದಿದ್ದರು. ಆ ನಗು ಈಗಲೂ ಅವಳ ಬೆನ್ನ ಮೇಲೆ ಕೂತಿತ್ತು. ಗಾಡಿ ಹೋದರೆ ಆಮೇಲೆ ಜೀಪು ನಿನಗೆಂತಕ್ಕೆ ಅನ್ನುತ್ತಾರೆ. ಜೀಪು ಹೋದರೆ ಕೂಲಿಯವರಿಗೆ ಕೆಲಸ ಹೇಳುವುದು ನಿನಗೆಂತಕ್ಕೆ ಅನ್ನುತ್ತಾರೆ. ಕೊನೆಗೆ ಅವಳ ಪಾಲಿಗೆ ಒಂದು ಕೋಣೆ, ಒಂದು ಫೋಟೋ, ಊದುಬತ್ತಿ ಉಳಿಯುತ್ತದೆ. ಅವಳು ಇದನ್ನು ಮನಸ್ಸಿನಲ್ಲಿ ಬಿಡಿಸಿ ಹೇಳಿಕೊಂಡಳು: ಈ ಗಾಡಿ ಹೋದರೆ ನಾನು ಒಳಗೆ.

ನಾಳೆ ಕಾರ್ಯ. ಅಯ್ಯನವರು ಬರುತ್ತಾರೆ, ಪಾದಪೂಜೆ ಆಗುತ್ತದೆ, ಊಟಕ್ಕೆ ಮೂಡಿಗೆರೆಯಿಂದ, ಚಿಕ್ಕಮಗಳೂರಿನಿಂದ ನೆಂಟರು ಬರುತ್ತಾರೆ. ಎಲ್ಲರೂ ಹುಲ್ಲಿನ ಮೇಲೆ ನಡೆದುಕೊಂಡೇ ಸಮಾಧಿಯ ಹತ್ತಿರ ಹೋಗಬೇಕು. ಅವರ ಕಡೆ ಸತ್ತವರನ್ನು ಸುಡುವುದಿಲ್ಲ. ಕೈಗೆ ಲಿಂಗ ಕೊಟ್ಟು, ಕೂರಿಸಿ, ತಮ್ಮದೇ ನೆಲದಲ್ಲಿ ಮಣ್ಣು ಮಾಡುತ್ತಾರೆ. ವಿಶ್ವನಾಥ್ ಕೂತಿರುವುದು ಹುಲ್ಲುಹಾಸಿನ ಆ ತುದಿಯಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ, ಬಂಗಲೆಗೆ ಮುಖಮಾಡಿ. ಹೀಗಾಗಿ ಒಂದು ವರ್ಷದಿಂದ ಅವಳು ವರಾಂಡದಲ್ಲಿ ಕಾಫಿ ಕುಡಿಯುವಾಗಲೆಲ್ಲ ಎದುರಿಗೆ ಅವರು ಕೂತಿರುತ್ತಿದ್ದರು. ಮಾತಿಲ್ಲ, ಎದ್ದು ಹೋಗುವುದೂ ಇಲ್ಲ. ನಡುವೆ ಹುಲ್ಲು ಮೊಣಕಾಲಿನವರೆಗೆ ಬೆಳೆದು ನಿಂತಿತ್ತು. ಆಳುಗಳ ಕೈಯಲ್ಲಿ ಕತ್ತಿ ಕೊಟ್ಟು ಕೊಯ್ಯಿಸುತ್ತೇನೆಂದು ಭಾವ ಹೇಳಿದ್ದಕ್ಕೆ ಅವಳು ಬೇಡ ಎಂದಿದ್ದಳು. ಬೇಡ ಅಂದದ್ದು ಹಟಕ್ಕೆ ಹೌದು. ಹಟಕ್ಕೆ ಎಂದು ಒಪ್ಪಿಕೊಳ್ಳಲು ಅವಳಿಗೆ ನಾಚಿಕೆ ಇರಲಿಲ್ಲ.

"ಎಂತ ಅಮ್ಮಾ, ಶುರುಮಾಡಿಯೇ ಬಿಟ್ರಾ?" ದೇವೀರಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಮನೆಗೆಲಸದ ದೇವೀರಮ್ಮ, ಅವಳ ಗಂಡ ಬೊಮ್ಮಯ್ಯ ಪಲ್ಪರ್ ಮನೆಯ ಮೇಸ್ತ್ರಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಗಳ ಉಸ್ತುವಾರಿ ಅವನದು. "ಸೀರೇಲಿ ಹೋಗಿ ಅದರಡಿ ಮಲಗ್ತೀರಾ? ಇರಿ ಮಾರಾಯ್ತಿ, ನನ್ನ ಅಂಗಿ ತರ್ತೀನಿ." ಹಣ್ಣು ಕೊಯ್ಯುವಾಗ ಸೀರೆಯ ಮೇಲೆ ಹಾಕಿಕೊಳ್ಳುವ ಉದ್ದ ತೋಳಿನ ಅಂಗಿ. ಗಿರಿಜಾಂಬಾ ಅದನ್ನು ಹಾಕಿಕೊಂಡು ಗುಂಡಿ ಹಾಕುತ್ತಿದ್ದಾಗ ದೇವೀರಮ್ಮ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. "ಜಯದೇವಪ್ಪೋರು ನೋಡಿದ್ರೆ ಈಗಲೇ ನಿಮ್ಮನ್ನ ಲೈನಿಗೆ ಕಳಿಸಿ ಹಣ್ಣು ಕೊಯ್ಯಿ ಅಂತಾರೆ." ಗಿರಿಜಾಂಬಾಳಿಗೂ ನಗು ಬಂತು, ಆದರೆ ಅದು ಪೂರ್ತಿ ಬರಲಿಲ್ಲ.

ಯಾಕೆಂದರೆ ಕಲ್ಲಿಗೆ ಹೊಡೆದದ್ದು ಅವಳೇ. ಅದರಲ್ಲಿ ಸುಳ್ಳಿಲ್ಲ. ಕಾಫಿ ಹೂಬಿಟ್ಟು ಉದುರಿದ ಮೇಲೆ ಒಂದು ಬೆಳಿಗ್ಗೆ, ಇನ್ನೆಷ್ಟು ದಿನ ಟಾರ್ಪಾಲಿನ ಕೆಳಗೆ ಇರಲಿ ಎಂದು ಧೈರ್ಯ ಮಾಡಿ ಅವಳು ಗಾಡಿ ಹತ್ತಿದ್ದಳು. ವರಾಂಡದಲ್ಲಿ ಭಾವ ಕಾಫಿ ಕುಡಿಯುತ್ತಿದ್ದರು, ಅಂಗಳದಲ್ಲಿ ಕೂಲಿಯವರು ಹಾಜರಿಗೆ ನಿಂತಿದ್ದರು. ಗುಲಾಬಿ ಪಾತಿಯ ಅಂಚುಗಲ್ಲು ಹುಲ್ಲಿನಲ್ಲಿ ಕಾಣಲಿಲ್ಲ. ಠಣ್ ಎಂದದ್ದು ಲೈನ್ ಮನೆಗಳವರೆಗೂ ಕೇಳಿಸಿರಬೇಕು. ಎಲ್ಲ ಮುಖಗಳೂ ತಿರುಗಿದವು. ಅವಳು ಇಳಿದು, ಸೆರಗು ಹೊದ್ದು, "ತಪ್ಪಾಯ್ತು" ಎಂದಳು. ಯಾರಿಗೆ ಹೇಳಿದ್ದು? ಭಾವನಿಗಾ, ಗಾಡಿಗಾ, ಮರಗಳ ಕೆಳಗೆ ಕೂತವರಿಗಾ? ಹೇಳಬೇಕಾಗಿರಲಿಲ್ಲ. ಕಲ್ಲಿಗೆ ಗಾಡಿ ತಾಗಿಸದ ಗಂಡಸು ಈ ತಾಲ್ಲೂಕಿನಲ್ಲಿ ಯಾರಿದ್ದಾರೆ? ಅವರ್ಯಾರೂ ಇಳಿದು ತಪ್ಪಾಯ್ತು ಅನ್ನುವುದಿಲ್ಲ, ಕಲ್ಲು ಇಟ್ಟವನನ್ನು ಬೈಯುತ್ತಾರೆ. ಅವಳು ಅಂದಳು, ಅಂದದ್ದು ಅಂಟಿಕೊಂಡಿತು; ಗಾಡಿಯ ಕಿರುಚಾಟಕ್ಕೂ ಅವಳೇ ಕಾರಣವಾದಳು. ಆಮೇಲೆ ಬೋರಿನ ಮೋಟರು ಸುಟ್ಟಾಗ, ಜೀಪಿನ ಬ್ರೇಕು ಹಿಡಿಯದಿದ್ದಾಗ, ಕೊನೆಗೆ ಗಿಡಕ್ಕೆ ಕಾಂಡಕೊರಕ ಹತ್ತಿದಾಗಲೂ ಭಾವ ಅವಳ ಕಡೆ ಒಂದು ಸಲ ನೋಡುತ್ತಿದ್ದರು. ಚಿಕ್ಕಮಗಳೂರಿನ ಒಂದು ಮದುವೆಯಲ್ಲಿ ದೂರದ ಅತ್ತೆಯೊಬ್ಬರು ಅವಳ ಕೈ ಹಿಡಿದು ಅಂಗೈ ತಿರುಗಿಸಿ ನೋಡಿ, "ಗ್ರೀಸ್ ಇಲ್ಲವಲ್ಲೇ" ಎಂದಿದ್ದರು. ಸುತ್ತ ಕೂತ ಹೆಂಗಸರು ನಕ್ಕಿದ್ದರು, ಇವಳೂ ಅವರ ಜೊತೆ ನಕ್ಕಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ ತಾನು ಯಾಕೆ ನಕ್ಕೆ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದಳು.

ಕೀಲಿ ತಿರುಗಿಸಿದಳು. ಇಂಜಿನ್ನು ಕೆಮ್ಮಿ ಹಿಡಿಯಿತು. ಗುರುಗುರು ಎಂದು ಒಂದೇ ಸಮ ಓಡುತ್ತಿತ್ತು, ಅದರಲ್ಲಿ ಕೊಂಕು ಇರಲಿಲ್ಲ. ಅವಳು ಹಾಗೇ ಕಿವಿಗೊಟ್ಟು ನಿಂತಳು. ಬಲಗಡೆಯ ಲಿವರ್ ಮುಂದಕ್ಕೆ ಒತ್ತಿ ಬ್ಲೇಡು ಹಾಕಿದಳು. ತಕ್ಷಣ ಕಿರುಚಾಟ ಶುರುವಾಯಿತು, ಶೆಡ್ಡಿನ ತಗಡು ಅದುರಿ, ಮಾಡಿನ ಪಾರಿವಾಳಗಳು ಹಾರಿ, ದೇವೀರಮ್ಮ ಕಿವಿಗೆ ಬೆರಳು ತುರುಕಿಕೊಂಡಳು. ಲಿವರ್ ಹಿಂದಕ್ಕೆ ಎಳೆದಳು. ಕಿರುಚಾಟ ನಿಂತಿತು, ಇಂಜಿನ್ನಿನ ಗುರುಗುರು ಉಳಿಯಿತು. ಮತ್ತೆ ಒತ್ತಿದಳು, ಮತ್ತೆ ಎಳೆದಳು. ಇಷ್ಟೇನಾ ಅನ್ನಿಸಿತು. ಇಂಜಿನ್ನಿಗೂ ಸದ್ದಿಗೂ ಸಂಬಂಧವೇ ಇಲ್ಲವೆಂದು ತಿಳಿಯಲು ಒಂದು ಲಿವರ್ ಹಿಂದೆ ಮುಂದೆ ಮಾಡಿದ್ದರೆ ಸಾಕಿತ್ತು, ಇಷ್ಟು ದಿನ ಯಾರೂ ಮಾಡಿರಲಿಲ್ಲ. ಮೂಡಿಗೆರೆಯಿಂದ ಬಂದ ಫಿಟ್ಟರ್ ಷಡಕ್ಷರಿಯೂ ಮಾಡಿರಲಿಲ್ಲ. ಅವನು ಭಾವನ ಕಾರಿನಲ್ಲಿ ಬಂದಿದ್ದ. ಹೆಂಗಸು ಕಲ್ಲಿಗೆ ಹೊಡೆದು ಇಂಜಿನ್ನಿಗೆ ಪೆಟ್ಟು ಮಾಡಿದಳೆಂದು ದಾರಿಯಲ್ಲೇ ಕೇಳಿಸಿಕೊಂಡು ಬಂದವನಿಗೆ ಬೇರೆ ಎಂತ ಕಾಣಬೇಕು? ಮುಚ್ಚಳ ಎತ್ತಿ, ತಲೆಯಾಡಿಸಿ, ಇಂಜಿನ್ ಹೋಗಿದೆ ಅಮ್ಮಾವ್ರೇ ಎಂದು ಟೀ ಕುಡಿದು ಹೋದ.

ಅವನನ್ನು ಬೈದು ಏನು? ತನಗೆ ಕಿವಿ ಇರಲಿಲ್ಲವಾ? ತರೀಕೆರೆಯಲ್ಲಿ ಅಪ್ಪನ ಹಿಟ್ಟಿನ ಗಿರಣಿಯ ಹಿಂದಿನ ಮನೆಯಲ್ಲಿ ಬೆಳೆದವಳು ಅವಳು. ಊಟಕ್ಕೆ ಕೂತ ಅಪ್ಪ ತುತ್ತು ಕೈಯಲ್ಲಿ ಹಿಡಿದು ಒಂದು ಗಳಿಗೆ ಕಿವಿಗೊಟ್ಟು, "ಖಾರದ ಮೆಷಿನ್ನಿನ ಬೆಲ್ಟು ಜಾರ್ತಾ ಇದೆ" ಎಂದು ಎದ್ದು ಹೋಗುತ್ತಿದ್ದರು, ಅಮ್ಮ ತಟ್ಟೆ ಮುಚ್ಚಿಟ್ಟು ಗೊಣಗುತ್ತಿದ್ದಳು. ಬೆಲ್ಟಿನ ಕಿರುಚಾಟ ಯಾವುದು, ಬೇರಿಂಗು ನರಳುವುದು ಯಾವುದು, ಕಲ್ಲು ಸವೆದ ಸದ್ದು ಯಾವುದು ಎಂದು ಲಂಗ ತೊಡುವ ವಯಸ್ಸಿನಲ್ಲೇ ಅವಳಿಗೆ ಗೊತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅದನ್ನು ಮರೆಯುವುದೇ ಮರ್ಯಾದೆ ಎಂದು ಕಲಿತಳು. ಇಲ್ಲಿ ಅವಳಿಗೆ ಗಿರಣಿಯವರ ಮಗಳು ಎಂದೇ ಹೆಸರು; ಅತ್ತೆ ಬದುಕಿರುವವರೆಗೆ ಅವಳು ಯಾವ ಡಬ್ಬ ತೆಗೆದರೂ "ಹಿಟ್ಟು ಚೆಲ್ಲಬೇಡ" ಎನ್ನುತ್ತಿದ್ದರು. ಈಗ ಶೆಡ್ಡಿನಲ್ಲಿ ನಿಂತು ಆ ಸದ್ದು ಕೇಳಿದ ಕೂಡಲೇ ಅಪ್ಪ ತುತ್ತು ಹಿಡಿದು ಕೂತದ್ದು ಕಣ್ಣಿಗೆ ಬಂತು. ಇದು ಬೆಲ್ಟು. ಬೆಲ್ಟಲ್ಲದೆ ಬೇರೆಯಲ್ಲ. ತಾನು ತಿಂಗಳುಗಟ್ಟಲೆ ಗಂಡಸರ ಮಾತನ್ನು ನಂಬಿ ಕಿವಿಯನ್ನು ನಂಬಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ರೇಗಿತು.

ಇಂಜಿನ್ನು ನಿಲ್ಲಿಸಿ, ಪ್ಲಗ್ಗಿನ ವೈರು ಕಿತ್ತಿಟ್ಟಳು. ಇಬ್ಬರೂ ಸೇರಿ ಮರದ ದಿಮ್ಮಿಯನ್ನು ಸಂದಿಗೆ ಕೊಟ್ಟು ಗಾಡಿಯ ಒಂದು ಮಗ್ಗುಲು ಎತ್ತಿದರು. ಗೋಣಿ ಹಾಸಿ ಅವಳು ಅಂಗಾತ ಮಲಗಿ ತಲೆ ಒಳಗೆ ತೂರಿಸಿದಳು. ಒಣಗಿದ ಹುಲ್ಲಿನ ವಾಸನೆ, ಸುಟ್ಟ ರಬ್ಬರಿನ ವಾಸನೆ. ಮೊದಲು ಬ್ಲೇಡು ಕಂಡಿತು. ಅದರ ತುದಿಯಲ್ಲಿ ಕಲ್ಲು ತಾಗಿದ ಗುರುತು, ಉಗುರಿನಷ್ಟು ಕಚ್ಚು. ಬೆರಳಿನಿಂದ ಮುಟ್ಟಿ ನೋಡಿದಳು. ಬ್ಲೇಡನ್ನು ಮೆಲ್ಲಗೆ ತಿರುಗಿಸಿದಳು; ಅದು ಸದ್ದಿಲ್ಲದೆ ನುಣ್ಣಗೆ ತಿರುಗಿತು, ಎಲ್ಲೂ ವಾಲಲಿಲ್ಲ, ಉಜ್ಜಲಿಲ್ಲ. ಇನ್ನೊಂದನ್ನು ತಿರುಗಿಸಿದಳು. ಅದೂ ಹಾಗೆಯೇ. ಅಂದರೆ ಕಲ್ಲು ಏನನ್ನೂ ಕೆಡಿಸಿರಲಿಲ್ಲ. ಅವಳ ತಪ್ಪೆಂದರೆ ಈ ಉಗುರಿನಷ್ಟು ಕಚ್ಚು, ಅರ ಹಾಕಿ ಉಜ್ಜಿದರೆ ಹೋಗುವಂಥದ್ದು. ಅವಳಿಗೆ ಅಳು ಬಂತು. ಮಲಗಿದಲ್ಲೇ ಕಣ್ಣೀರು ಕಿವಿಗೆ ಇಳಿಯಿತು, ಒರೆಸಿಕೊಳ್ಳಲು ಹೋಗಿ ಮುಖಕ್ಕೆ ಮಸಿ ಬಳಿದುಕೊಂಡಳು. "ಎಂತಾಯ್ತಮ್ಮಾ, ಏಟಾಯ್ತಾ?" ಎಂದು ದೇವೀರಮ್ಮ ಬಗ್ಗಿದಳು. "ಎಂತ ಇಲ್ಲ. ಟಾರ್ಚ್ ಹಿಡಿ," ಎಂದಳು.

ಟಾರ್ಚಿನ ಬೆಳಕಿನಲ್ಲಿ ಬೆಲ್ಟು ಕಂಡಿತು. ಕಂಡ ಮೇಲೆ ಎರಡನೇ ಸಲ ನೋಡಬೇಕಾಗಿರಲಿಲ್ಲ. ಅದು ಪುಲ್ಲಿಯ ಸಂದಿನೊಳಗೆ ಕೂತೇ ಇರಲಿಲ್ಲ. ಸಂದಿಗಿಂತ ಒಂದು ಎಳೆ ಅಗಲ ಹೆಚ್ಚಾಗಿ ಮೇಲೇ ಸಿಕ್ಕಿಕೊಂಡು, ಪಕ್ಕದ ಕಬ್ಬಿಣದ ಕೊಕ್ಕೆಗೆ ಉಜ್ಜಿ ಉಜ್ಜಿ ಅದರ ಒಂದು ಬದಿ ಮಿರಮಿರ ಹೊಳೆಯುತ್ತಿತ್ತು. ಕೊಕ್ಕೆಯನ್ನು ಸರಿಸಿ, ಸ್ಪ್ರಿಂಗು ಸಡಿಲಿಸಿ, ಬೆಲ್ಟನ್ನು ಎಳೆದು ಹೊರಗೆ ತಂದು ಬೆಳಕಿಗೆ ಹಿಡಿದಳು. ಹಿಂಬದಿಯಲ್ಲಿ ಕೆಂಪು ಬಣ್ಣದ ಒಂದು ಗೀಟು. ದೇವೀರಮ್ಮ ಅದನ್ನು ಕೈಗೆ ತೆಗೆದುಕೊಂಡಳು, ಮುಖದ ನಗು ಹೋಯಿತು. "ಅಮ್ಮಾ, ಇದು ನಮ್ಮನೆಯವರು ಹಚ್ಚಿದ ಬಣ್ಣ."

ಪಲ್ಪರ್ ಮನೆಯ ಪದ್ಧತಿ ಅದು. ಸೀಸನ್ ಮುಗಿದ ಮೇಲೆ ಬೊಮ್ಮಯ್ಯ ಯಂತ್ರಗಳ ಬೆಲ್ಟುಗಳನ್ನೆಲ್ಲ ಬಿಚ್ಚಿ, ಮಳೆಗಾಲದಲ್ಲಿ ಹಿಗ್ಗಿ ಕೆಡದಿರಲೆಂದು ಒಲೆಮನೆಯ ಗೂಟಕ್ಕೆ ನೇತುಹಾಕುತ್ತಿದ್ದ. ಯಾವುದು ಯಾವ ಪುಲ್ಲಿಯದು ಎಂದು ತಿಳಿಯಲು ಬೇರೆ ಬೇರೆ ಬಣ್ಣದ ಗೀಟು ಹಾಕುತ್ತಿದ್ದ. ಹೋದ ವರ್ಷ ವಿಶ್ವನಾಥ್ ತೀರಿಕೊಂಡು, ಹಣ್ಣು ಗಿಡದಲ್ಲೇ ಕಪ್ಪಾಗುತ್ತಿದೆಯೆಂದು ಸಾವಾದ ವಾರದಲ್ಲೇ ಪಲ್ಪರ್ ಓಡಿಸಲು ಹೊರಟಾಗ ಕೆಂಪು ಗೀಟಿನ ಬೆಲ್ಟು ಗೂಟದಲ್ಲಿ ಇರಲಿಲ್ಲ. ಭಾವ ಅಂಗಳದಲ್ಲಿ ಎಲ್ಲರ ಮುಂದೆ ಬೊಮ್ಮಯ್ಯನನ್ನು ನಿಲ್ಲಿಸಿ, ಯಜಮಾನ ಸತ್ತ ಮನೆಯಲ್ಲಿ ಕದಿಯುತ್ತೀಯಲ್ಲೋ ಎಂದಿದ್ದರು. ಅವನು ತಲೆಗೆ ಕಟ್ಟಿದ ಟವೆಲು ಬಿಚ್ಚಿ ಕೈಯಲ್ಲಿ ಹಿಂಡುತ್ತಾ ನಿಂತಿದ್ದ. ಅವತ್ತು ಗಿರಿಜಾಂಬಾ ಕಿಟಕಿಯ ಹಿಂದೆ ಬಿಳಿ ಸೀರೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು, ಕಿವಿಗೆ ಬಿದ್ದರೂ ಮನಸ್ಸಿಗೆ ಹೋಗಿರಲಿಲ್ಲ.

ಹಾಗಾದರೆ ಇದನ್ನು ಗಾಡಿಗೆ ಹಾಕಿದ್ದು ಯಾರು ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ. ಉತ್ತರ ಗೊತ್ತಿತ್ತು. ವಿಶ್ವನಾಥ್ ಬದುಕಿರುವವರೆಗೆ ಗಾಡಿಯ ಕೀಲಿ ಬೇರೆ ಯಾರ ಕೈಗೂ ಹೋಗುತ್ತಿರಲಿಲ್ಲ. ಆ ಭಾನುವಾರ, ತೀರಿಕೊಳ್ಳುವ ಮೊದಲಿನ ಭಾನುವಾರವೋ ಅದರ ಹಿಂದಿನದೋ, ಕ್ಲಬ್ಬಿನ ಗೆಳೆಯರು ವರಾಂಡದಲ್ಲಿ ಕೂತಿದ್ದರು, ಅವಳು ಪಕೋಡ ಕರಿದು ತಂದಿದ್ದಳು. ವಿಶ್ವನಾಥ್ ಹ್ಯಾಟು ಹಾಕಿಕೊಂಡು ಹುಲ್ಲಿನ ಮೇಲೆ ಗಾಡಿ ತಿರುಗಿಸುತ್ತಿದ್ದರು, ಗಾಡಿ ಕಿರುಚುತ್ತಿತ್ತು. ಹೌದು, ಆಗಲೇ ಕಿರುಚುತ್ತಿತ್ತು. ಅವಳು ಕೈಯಲ್ಲಿ ತಟ್ಟೆ ಹಿಡಿದು ಮೆಟ್ಟಿಲಲ್ಲಿ ನಿಂತು, "ಎಂತದ್ರೀ ಅದು, ಹಂದಿ ಕಿರುಚಿದ ಹಾಗೆ?" ಎಂದಿದ್ದಳು. ಅವರು ಗಾಡಿ ನಿಲ್ಲಿಸಿ, ಗೆಳೆಯರ ಕಡೆ ಕಣ್ಣು ಹೊಡೆದು, "ನಿಮ್ಮಪ್ಪನ ಗಿರಣಿಗಿಂತ ಕಡಿಮೆಯೇ ಇದೆ ಬಿಡು" ಎಂದರು. ವರಾಂಡವೆಲ್ಲ ನಕ್ಕಿತು. ಅವಳೂ ನಕ್ಕಳು. ಅವರು ಓಡಿಸುವಾಗ ಅದು ಕೆಟ್ಟ ಸದ್ದಾಗಿರಲಿಲ್ಲ, ಗತ್ತಾಗಿತ್ತು. ಅವಳು ಹತ್ತಿದ ಮೇಲೆ ಅದು ಕೆಟ್ಟದ್ದಾಯಿತು. ಇದನ್ನು ಬೇರೆಯವರು ಮರೆತದ್ದು ಹೋಗಲಿ, ತಾನು ಹೇಗೆ ಮರೆತೆ? ಒಂದು ವರ್ಷ ದಿನವೂ ಫೋಟೋ ಒರೆಸಿ, ಹೂವಿಟ್ಟು, ಅವರ ಸಿಡುಕು, ಅವರ ಸೋಮಾರಿತನ, ಸ್ನಾನಕ್ಕೆ ಹೋದವರು ಟವೆಲು ಟವೆಲು ಎಂದು ಕೂಗುವುದು, ಎಲ್ಲವನ್ನೂ ಒರೆಸಿಹಾಕಿದ್ದಳು. ಅವಳ ನೆನಪೂ ಭಾವನ ಪಕ್ಷಕ್ಕೇ ಸೇರಿಬಿಟ್ಟಿತ್ತು. ಗಾಡಿಯ ಬೆಲ್ಟು ಹರಿದಿರಬೇಕು, ಹೊಸದು ಎಲ್ಲಿದೆ ಎಂದು ಅವಳನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಹುಡುಕುವುದು ಅವರ ಜಾಯಮಾನದಲ್ಲೇ ಇರಲಿಲ್ಲ, ಕಣ್ಣಿಗೆ ಬಿದ್ದದ್ದನ್ನು ಎತ್ತಿಕೊಂಡು ಹೋಗುವುದು ಅಷ್ಟೇ. ಗೂಟದಲ್ಲಿ ಬೆಲ್ಟಿತ್ತು, ಎತ್ತಿಕೊಂಡು ಹೋದರು.

"ಹೇಳ್ತೀರಾ ಅಮ್ಮಾ?" ದೇವೀರಮ್ಮ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. "ನೀವು ಹೇಳಿದ್ರೆ ಉಂಟು. ನಾನು ಹೇಳಿದ್ರೆ ಯಾರು ಕೇಳ್ತಾರೆ? ನಮ್ಮನೆಯವರು ಒಂದು ವರ್ಷ ಆಯ್ತು, ಅಂಗಳಕ್ಕೆ ಬಂದು ತಲೆ ಎತ್ತಿಲ್ಲ." ಗಿರಿಜಾಂಬಾ ಕೈಯ ಮಸಿಯನ್ನು ಗೋಣಿಗೆ ಒರೆಸಿಕೊಂಡಳು. ನಾಳೆ ಕಾರ್ಯ ಇಟ್ಟುಕೊಂಡು ಇವತ್ತು ಸತ್ತವರ ಮೇಲೆ ತಪ್ಪು ಹೇಳುವುದಾ? ಅವರು ಎದ್ದು ಬಂದು ಅಲ್ಲವೆಂದು ಹೇಳಲಾರರು. ಗಾಡಿ ಸರಿಯಾಯಿತು ಎಂದಷ್ಟೇ ಹೇಳಿ ಸುಮ್ಮನಿದ್ದರೆ ಸಾಕು, ಯಾರೂ ಕಾರಣ ಕೇಳುವುದಿಲ್ಲ. ಅವಳ ತಪ್ಪು ಅವಳ ಮೇಲೆ, ಬೊಮ್ಮಯ್ಯನ ತಪ್ಪು ಬೊಮ್ಮಯ್ಯನ ಮೇಲೆ ಹಾಗೇ ಉಳಿಯುತ್ತದೆ, ಸತ್ತವರು ಫೋಟೋದಲ್ಲಿ ನಗುತ್ತಿರುತ್ತಾರೆ. ಮರ್ಯಾದೆಯ ಹೆಂಗಸು ಹಾಗೇ ಮಾಡುತ್ತಾಳೆ. ಅವಳು ಎದ್ದು ಶೆಡ್ಡಿನ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಇಳಿಸಿದಳು. ಕಂಪನಿಯವರು ಗಾಡಿಯ ಜೊತೆ ಕೊಟ್ಟ ಬಿಡಿಭಾಗಗಳು. ಅವಳೇ ಕಾಗದ ಸುತ್ತಿ ಎತ್ತಿಟ್ಟಿದ್ದಳು. ಅದರಲ್ಲಿ ಗಾಡಿಯದೇ ಬೆಲ್ಟು, ಸುತ್ತಿದ ಕಾಗದ ಬಿಚ್ಚದೆ ಹಾಗೇ ಇತ್ತು.

ಹಾಕುವುದು ಸುಲಭವಾಗಲಿಲ್ಲ. ಸ್ಪ್ರಿಂಗು ಎಳೆದು ಹಿಡಿಯುವಾಗ ಸ್ಕ್ರೂ ಡ್ರೈವರ್ ಜಾರಿ ಬೆರಳಿನ ಗಿಣ್ಣಿನ ಚರ್ಮ ಕಿತ್ತುಹೋಯಿತು. ಬೆಲ್ಟು ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತಿತ್ತು. ದೇವೀರಮ್ಮ ತನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಗಾಡಿಗೆ ಬೈದಳು, ಅದರಲ್ಲಿ ಕೆಲವು ಗಿರಿಜಾಂಬಾಳಿಗೆ ಹೊಸದಾಗಿದ್ದವು. ಕೊನೆಗೆ ಬೆಲ್ಟು ಸಂದಿನೊಳಗೆ ಇಳಿದು ಕೂತಿತು. ಬ್ಲೇಡಿನ ಕಚ್ಚನ್ನು ಅರದಿಂದ ಉಜ್ಜಿ, ಇನ್ನೊಂದು ತುದಿಯನ್ನೂ ಅಷ್ಟೇ ಉಜ್ಜಿ, ದಿಮ್ಮಿ ತೆಗೆದು, ವೈರು ಸಿಕ್ಕಿಸಿ ಕೀಲಿ ತಿರುಗಿಸಿದಳು. ಲಿವರ್ ಒತ್ತಿದಳು. ಬ್ಲೇಡುಗಳು ತಿರುಗುವ ಮೆಲುವಾದ ಸದ್ದು ಬಿಟ್ಟರೆ ಏನೂ ಇಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅಂಗಳದಲ್ಲಿ ಕಾರು ನಿಂತ ಸದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು.

ಜಯದೇವಪ್ಪ ಮುಂದೆ, ಶೇಷಪ್ಪ ಹಿಂದೆ. ಕಾರಿನ ಹಿಂದೆ ಒಂದು ಖಾಲಿ ಪಿಕಪ್ಪೂ ಬಂದು ನಿಂತಿತ್ತು. ಭಾವ ಮೊದಲು ನೋಡಿದ್ದು ಗಾಡಿಯನ್ನಲ್ಲ, ಅಂಗಿಯನ್ನು. "ಇದೆಂತ ಅವತಾರ ಗಿರಿಜಾ, ನಾಳೆ ಮನೇಲಿ ಕಾರ್ಯ ಇಟ್ಕೊಂಡು?" ಎಂದರು. ಅವಳು ಇಂಜಿನ್ನು ನಿಲ್ಲಿಸದೆ, ಗಾಡಿಯನ್ನು ಶೆಡ್ಡಿನಿಂದ ಹುಲ್ಲಿನ ಅಂಚಿಗೆ ತಂದು, ಬ್ಲೇಡು ಹಾಕಿ ಸ್ವಲ್ಪ ದೂರ ಓಡಿಸಿ ಇಳಿದಳು. ಕತ್ತರಿಸಿದ ಹುಲ್ಲಿನ ಹಸಿ ವಾಸನೆ ಬಂತು. ಶೇಷಪ್ಪ ಬಗ್ಗಿ ಗಾಡಿಯ ಕೆಳಗೆ ನೋಡಿ, "ಅಲ್ಲ ಜಯಣ್ಣೋರೆ, ಇಂಜಿನ್ ಹೋಗಿದೆ ಅಂದಿದ್ರಿ. ಇದು ಹೊಸದರ ಹಾಗೆ ಓಡ್ತದಲ್ಲ," ಎಂದರು. ಭಾವ ಶೇಷಪ್ಪನ ಕಡೆ ತಿರುಗಿದರು. ಆಮೇಲೆ ಮುಖ ಅರಳಿಸಿದರು. "ನಮ್ಮ ವಿಶ್ವ ಇಟ್ಕೊಂಡಿದ್ದ ಮೆಷಿನ್ ಅಂದ್ರೆ ಹಂಗೇ ಶೇಷಪ್ಪ. ಹೆಂಗಸರು ಕೈ ಹಾಕಿ ಕೆಡಿಸಿದ್ರೂ ಮತ್ತೆ ಎದ್ದು ನಿಲ್ತದೆ. ಒಳ್ಳೇದೇ ಆಯ್ತು, ಕೆಟ್ಟದ್ದು ಕೊಟ್ಟೆ ಅನ್ನೋ ಮಾತು ಬರೋದಿಲ್ಲ. ಪಿಕಪ್ಪಿಗೆ ಹತ್ತಿಸುವ."

ಸರಿಮಾಡಿದರೆ ಇರುತ್ತದೆಂದು ಅವಳು ನಂಬಿಕೊಂಡಿದ್ದಳು. ಕೆಟ್ಟಿದೆ ಎಂದು ಕೊಡುವವರಿದ್ದರು, ಈಗ ಸರಿಯಾಗಿದೆ ಎಂದು ಕೊಡುತ್ತಿದ್ದಾರೆ. ಅವಳಿಗೆ ನಿಜವಾಗಿ ನಗು ಬಂತು. ಪೂರ್ತಿ ನಗು, ಬೆಳಿಗ್ಗೆ ಬಾರದೆ ನಿಂತಿದ್ದದ್ದು. ನಕ್ಕ ಮೇಲೆ, ಯಾರ ಮೇಲೆಂದು ಗೊತ್ತಿಲ್ಲದೆ ಬೆಳಿಗ್ಗೆಯಿಂದ ಇದ್ದ ಸಿಟ್ಟಿಗೆ ಗುರಿ ಸಿಕ್ಕಿತು. ಶೆಡ್ಡಿಗೆ ಹೋಗಿ, ದೇವೀರಮ್ಮನ ಕೈಯಿಂದ ಬೆಲ್ಟು ತೆಗೆದುಕೊಂಡು ಬಂದಳು.

"ಭಾವ, ಇದು ನಮ್ಮ ಪಲ್ಪರಿನ ಬೆಲ್ಟು. ಕೆಂಪು ಗೀಟು ನೋಡಿ. ಬೊಮ್ಮಯ್ಯ ಕದ್ದ ಅಂದಿದ್ರಲ್ಲ, ಅದೇ. ಈ ಗಾಡಿಯ ಹೊಟ್ಟೇಲಿ ಇತ್ತು. ಅಳತೆ ಸರಿ ಇಲ್ಲ, ಅದಕ್ಕೇ ಕಿರುಚ್ತಿತ್ತು. ಹಾಕಿದ್ದು ನಿಮ್ಮ ತಮ್ಮ."

"ಎಂತ ಮಾತಾಡ್ತಿ ಗಿರಿಜಾ?"

"ನಾನು ಕೆಡಿಸಿದ್ದಲ್ಲ. ಬೊಮ್ಮಯ್ಯ ಕದ್ದದ್ದೂ ಅಲ್ಲ. ಕೆಡಿಸಿದ್ದು ಅವರು."

ಭಾವನ ಮುಖ ಕಪ್ಪಿಟ್ಟಿತು. ಅವರು ಸಮಾಧಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಾಳೆ ಅವನ ಕಾರ್ಯ. ಇವತ್ತು ಹೊರಗಿನವರ ಮುಂದೆ ಅವನ ಮೇಲೆ ತಪ್ಪು ಹೊರಿಸ್ತೀಯಾ? ಸತ್ತವನು ಬಂದು ಉತ್ತರ ಕೊಡ್ತಾನ?"

"ಬದುಕಿದ್ದಾಗಲೂ ಕೊಡ್ತಿರಲಿಲ್ಲ," ಎಂದಳು ಗಿರಿಜಾಂಬಾ. "ನಾಳೆಯೂ ಹೇಳ್ತೀನಿ. ಅಯ್ಯನೋರು ಇರ್ತಾರೆ, ನೆಂಟರು ಇರ್ತಾರೆ. ಬೊಮ್ಮಯ್ಯನನ್ನು ಇದೇ ಅಂಗಳದಲ್ಲಿ ನಿಲ್ಲಿಸಿ ನೀವು ಅಂದ್ರಿ, ಇದೇ ಅಂಗಳದಲ್ಲಿ ನಾನು ಹೇಳ್ತೀನಿ. ಗಾಡಿ ಎಲ್ಲೂ ಹೋಗೋದಿಲ್ಲ. ಶೇಷಪ್ಪನೋರೆ, ನಿಮಗೆ ಸುಮ್ನೆ ಓಡಾಟ ಆಯ್ತು. ಊಟ ಮಾಡ್ಕೊಂಡು ಹೋಗಿ."

ಶೇಷಪ್ಪ ಕತ್ತು ಕೆರೆದುಕೊಂಡರು. "ಇಲ್ಲ ಅಕ್ಕ, ನನಗೆ ಮೊದಲೇ ಈ ವಿಷಯ ಗೊತ್ತಿರಲಿಲ್ಲ," ಎಂದು, ಪಿಕಪ್ಪಿನವನಿಗೆ ಇಂಜಿನ್ ಬಂದ್ ಮಾಡೆಂದು ಕೈಸನ್ನೆ ಮಾಡಿದರು. ಭಾವ ಬೆಲ್ಟನ್ನು ಮುಟ್ಟಲಿಲ್ಲ. ಅವಳು ಅದನ್ನು ಅವರ ಕಾರಿನ ಬಾನೆಟ್ಟಿನ ಮೇಲೆ ಇಟ್ಟು, ಗಾಡಿ ಹತ್ತಿದಳು.

ಮೊದಲನೆಯ ಸಾಲನ್ನು ನೆಟ್ಟಗೆ ಸಮಾಧಿಯವರೆಗೆ ಹೊಡೆದಳು. ಹುಲ್ಲು ಎರಡು ಕಡೆ ಬೀಳುತ್ತಾ ದಾರಿಯಾಯಿತು. ಸಿಲ್ವರ್ ಓಕಿನ ಕೆಳಗೆ ಬಂದು, ಕಲ್ಲಿನ ಕಟ್ಟೆಗೆ ತಾಗದ ಹಾಗೆ ಸುತ್ತು ಬಳಸುವಾಗ ಅವಳಿಗೆ ಭಯವಾಗಲಿಲ್ಲ. ಗಂಡನಿಗೆ ಅವಳು ಒಂದು ವರ್ಷದಿಂದ ಬರಿ ಕೈಮುಗಿದಿದ್ದಳು, ಇವತ್ತು ಬೈದಳು. "ಒಂದು ಮಾತು ಕೇಳ್ಬಾರದಿತ್ತೇನ್ರೀ? ಅಟ್ಟದ ಮೇಲೆ ಇತ್ತು, ನಾನೇ ಇಟ್ಟಿದ್ದೆ. ನಿಮ್ಮಿಂದ ಒಬ್ಬ ಕಳ್ಳ ಆದ, ನಾನು ದಡ್ಡಿ ಆದೆ. ನಗ್ತಾ ಕೂತಿದ್ದೀರಿ." ಬೈಯುತ್ತಾ ಬೈಯುತ್ತಾ ಅವರ ಮುಖ ಕಂಡಿತು, ಫೋಟೋದ ಮುಖವಲ್ಲ, ಪಕೋಡ ತಿನ್ನುತ್ತಾ ಕಣ್ಣು ಹೊಡೆದ ಮುಖ. ಸತ್ತ ದಿನದಿಂದ ಅವರು ಇಷ್ಟು ಹತ್ತಿರ ಬಂದಿರಲಿಲ್ಲ. ಅವಳಿಗೆ ಅವರ ಮೇಲೆ ತುಂಬಾ ಸಿಟ್ಟಿತ್ತು, ಅವರಿಲ್ಲದ್ದಕ್ಕೆ ತುಂಬಾ ಸಂಕಟವೂ ಇತ್ತು. ಎರಡನ್ನೂ ಹೊತ್ತುಕೊಂಡು ಗಾಡಿ ತಿರುಗಿಸಿದಳು.

ಭಾವ ಹುಲ್ಲಿನ ನಡುವೆ ಬಂದು ನಿಂತಿದ್ದರು. ಪಂಚೆ ಎತ್ತಿ ಕಟ್ಟಿದ್ದರು, ಕೈ ಮೇಲೆತ್ತಿದ್ದರು. "ಗಿರಿಜಾ, ನಿಲ್ಲಿಸು. ಇಳಿ ಕೆಳಗೆ. ಇಳಿ ಅಂದೆ." ಕಿರುಚುವ ಮೊದಲಿನ ಗಾಡಿಯಾಗಿದ್ದರೆ ಕೇಳಿಸಲಿಲ್ಲ ಎಂದುಬಿಡಬಹುದಿತ್ತು, ಅವರೂ ಹಾಗೆಂದು ನಂಬಿ ಮಾನ ಉಳಿಸಿಕೊಳ್ಳಬಹುದಿತ್ತು. ಈಗ ಒಂದೊಂದು ಅಕ್ಷರವೂ ಕೇಳಿಸಿತು. ಕೇಳಿಸಿತೆಂಬುದು ಭಾವನಿಗೆ ಗೊತ್ತಾಯಿತು, ಕಾರಿನ ಪಕ್ಕ ನಿಂತ ಶೇಷಪ್ಪನಿಗೂ, ಶೆಡ್ಡಿನ ಬಾಗಿಲಲ್ಲಿದ್ದ ದೇವೀರಮ್ಮನಿಗೂ ಗೊತ್ತಾಯಿತು. ಗಿರಿಜಾಂಬಾ ಅವರ ಮುಖವನ್ನೇ ನೋಡುತ್ತಾ ಗಾಡಿ ತಂದಳು.

"ಕೇಳಿಸ್ತು ಭಾವ," ಎಂದಳು. ಅವರು ಪಕ್ಕಕ್ಕೆ ಸರಿದರು. ಅವಳು ಅವರು ನಿಂತಿದ್ದ ಜಾಗದ ಹುಲ್ಲನ್ನೂ ಕತ್ತರಿಸಿಕೊಂಡು ಮುಂದೆ ಹೋದಳು.